ಹುತ್ತರಿಯ ಹೊತ್ತಿಗೆ ಬನ್ನಿ

ಮಕ್ಕಳೇ, ಕೊಡಗಿಗೆ ಬರಲು ನೀವು ಹಾಕಿಕೊಂಡ ಪಟ್ಟಿ ನೋಡಿದೆ. ಶನಿವಾರ ದುಬಾರೆಯ ಆನೆ, ಅಬ್ಬಿ ಜಲಪಾತ, ರಾಜಾಸೀಟು. ಭಾನುವಾರ ಜೀಪಿನಲ್ಲಿ ಮಾಂದಲಪಟ್ಟಿ, ಆಮೇಲೆ ತಲಕಾವೇರಿ, ಬೈಲುಕುಪ್ಪೆ, ರಾತ್ರಿಗೆ ಬೆಂಗಳೂರು. ಇದರಲ್ಲಿ ಕಾರಿನೊಳಗೆ ಕೂರುವ ಹೊತ್ತೇ ಹೆಚ್ಚು. ನನ್ನ ಮಾತು ಕೇಳುವುದಾದರೆ ಆ ಪಟ್ಟಿ ಬದಿಗಿಡಿ. ಕಕ್ಕಬ್ಬೆ ಕಡೆ ಒಂದೇ ಊರು ಹಿಡಿದು ಮೂರು ದಿನ ಇರಿ. ಅದೂ ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುವ ಸುಗ್ಗಿಯ ಹಬ್ಬ ಹುತ್ತರಿಯ ಹೊತ್ತಿಗೆ ಬನ್ನಿ.

ಕಕ್ಕಬ್ಬೆಯೇ ಯಾಕೆ ಅಂದರೆ, ಅಲ್ಲಿ ಬೆಟ್ಟ, ದೇವರು, ಗದ್ದೆ ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ. ತಡಿಯಂಡಮೋಳ್ ಕೊಡಗಿನಲ್ಲೇ ಎತ್ತರದ ಬೆಟ್ಟ, 1748 ಮೀಟರ್. ಬುಡದಲ್ಲಿ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ. 1834ರಲ್ಲಿ ಇಂಗ್ಲಿಷರ ಸೈನ್ಯ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದು ಈ ಮನೆಯನ್ನೇ. ಮಡಿಕೇರಿ ಬಿಟ್ಟು ಇಷ್ಟು ಒಳಗೆ ಅರಮನೆ ಯಾಕೆ ಎಂದು ಯಾರನ್ನೂ ಕೇಳಬೇಕಿಲ್ಲ. ಅಂಗಳದಲ್ಲಿ ನಿಂತು ಸುತ್ತಲಿನ ಕಾಡು ನೋಡಿದರೆ ಗೊತ್ತಾಗುತ್ತದೆ.

ಬೆಟ್ಟ ಹತ್ತಿ ಇಳಿಯಲು ಒಂದಿಡೀ ಹಗಲು ಎತ್ತಿಡಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದಿರಬೇಕು. ಊರಿನವರೊಬ್ಬರನ್ನು ದಾರಿ ತೋರಿಸಲು ಕರೆದುಕೊಳ್ಳಿ, ಕೂಲಿಯಲ್ಲಿ ಚೌಕಾಸಿ ಬೇಡ. ಈ ಇಳಿಜಾರಿನಲ್ಲೇ ಬದುಕುವ ಕುಡಿಯ ಜನರಿಗೆ ಜೇನು ಕಟ್ಟುವ ಮರ, ಕಾಟಿ ನಡೆಯುವ ಜಾಡು ತಲೆಮಾರುಗಳಿಂದ ಗೊತ್ತು. ತುದಿಗೆ ಸ್ವಲ್ಪ ಮುಂಚೆ ಹುಲ್ಲುಗಾವಲು ಮುಗಿದು ಶೋಲೆ ಕಾಡು ಶುರುವಾಗುತ್ತದೆ. ಅಲ್ಲಿ ಏರು ಕಡಿದಾಗಿದೆ, ಉಸಿರು ಕಟ್ಟುತ್ತದೆ. ಕುಳಿತುಕೊಳ್ಳಿ, ಕೈಯಿಂದ ನೆಲ ಮುಟ್ಟಿ ನೋಡಿ. ಮಳೆ ನಿಂತು ವಾರಗಳಾಗಿದ್ದರೂ ತರಗೆಲೆಯ ಕೆಳಗೆ ತೇವ ಆರಿರುವುದಿಲ್ಲ. ಮುಂಗಾರಿನ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ತೊರೆಗೆ ಬಿಡುವುದು ಈ ಕಾಡು. ಆ ತೊರೆ ಕೆಳಗೆ ಗದ್ದೆಗೆ ಹೋಗುತ್ತದೆ, ಆಮೇಲೆ ಕಾವೇರಿಗೆ. ಬೆಂಗಳೂರಿನ ನಿಮ್ಮ ನಲ್ಲಿಯಲ್ಲಿ ಬರುವುದೂ ಅದೇ ಕಾವೇರಿ. ಅಲ್ಲಿ ಬಾಟಲಿ ಎಸೆಯಬೇಡಿ, ಸ್ಪೀಕರ್ ಹಾಕಬೇಡಿ ಎಂದು ನಾನು ಬೇರೆಯಾಗಿ ಹೇಳಬೇಕೇ?

ಇಳಿದು ಬಂದ ಮೇಲೆ ಪಾಡಿ ಇಗ್ಗುತ್ತಪ್ಪನ ಗುಡಿಗೆ ಹೋಗಿ. ಕೊಡವರಿಗೆ ಮಳೆ ಬೆಳೆ ಕೊಡುವ ದೇವರು ಅವನು. ಹುತ್ತರಿಯ ದಿನವೂ ಕದಿರು ಕೊಯ್ಯುವ ಮುಹೂರ್ತವೂ ನಿಗದಿಯಾಗುವುದು ಅಲ್ಲೇ.

ಆ ರಾತ್ರಿ ಮಾತ್ರ ತಪ್ಪಿಸಿಕೊಳ್ಳಬೇಡಿ. ಒಂದು ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಎಲ್ಲೆಲ್ಲೋ ಕೆಲಸದಲ್ಲಿರುವವರೂ, ತಮ್ಮ ಹಿರಿಯರ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುತ್ತಾರೆ. ಅದರ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪದ ಮುಂದೆ ಎಲೆಗಳನ್ನು ಸೇರಿಸಿ ನೆರೆ ಕಟ್ಟುತ್ತಾರೆ. ಕುಪ್ಯವೆಂಬ ನಿಲುವಂಗಿ ತೊಟ್ಟು ನಡುವಿಗೆ ಚೇಲೆ ಬಿಗಿದ ಗಂಡಸರು, ದೀಪ ಹಿಡಿದ ಹೆಂಗಸರು, ಮಕ್ಕಳು ಬೆಳದಿಂಗಳಲ್ಲಿ ಗದ್ದೆಗೆ ನಡೆಯುತ್ತಾರೆ. ಕೋವಿಯ ಗುಂಡು ಹಾರಿದ ಕೂಡಲೇ ಕದಿರು ಕೊಯ್ದು 'ಪೊಲಿ ಪೊಲಿ ದೇವಾ' ಎಂದು ಕೂಗುವಾಗ ಪಕ್ಕದ ಗದ್ದೆಯಿಂದ, ಅದರಾಚೆಯ ಗದ್ದೆಯಿಂದ ಅದೇ ಕೂಗು ಕೇಳುತ್ತದೆ. ಮನೆಗೆ ಬಂದು ತಂಬುಟ್ಟು ಎಂಬ ಸಿಹಿ ಬಡಿಸುತ್ತಾರೆ. ಮುಂದಿನ ದಿನಗಳಲ್ಲಿ ಊರಿನ ಬಯಲಾದ ಮಂದ್‌ನಲ್ಲಿ ಕೋಲಾಟ ನಡೆಯುತ್ತದೆ.

ಇದು ಟಿಕೆಟ್ ಕೊಟ್ಟು ನೋಡುವ ಪ್ರದರ್ಶನವಲ್ಲ, ಒಂದು ಮನೆಯ ಹಬ್ಬ. ಕರೆದರೆ ಹೋಗಿ. ಚಪ್ಪಲಿ ಹೊರಗೆ ಬಿಡಿ, ಹಿರಿಯರ ಕಾಲು ಮುಟ್ಟಿ, ಫೋಟೊ ತೆಗೆಯುವ ಮುಂಚೆ ಕೇಳಿ. ದೇವರಕಾಡಿನಲ್ಲಿ ಒಂದು ಎಲೆಯನ್ನೂ ಕೀಳಬೇಡಿ.

ನಮಗೊಂದು ಸಂಕಟವಿದೆ, ಅದನ್ನೂ ತಿಳಿದುಕೊಳ್ಳಿ. ಆಳು ಸಿಗದೆ, ಖರ್ಚು ಹುಟ್ಟದೆ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಗದ್ದೆಯೇ ಇಲ್ಲದವರು ಹುತ್ತರಿಗೆ ಬೇರೆಯವರ ಗದ್ದೆಯಿಂದ ಕದಿರು ತರಬೇಕು. ಅದಕ್ಕೇ, ಉಳಿಯಲು ಮನೆ ಹುಡುಕುವಾಗ ಈಜುಕೊಳ ಇದೆಯೇ ಎಂದು ಕೇಳುವ ಬದಲು ಭತ್ತ ಬೆಳೆಯುತ್ತೀರಾ ಎಂದು ಕೇಳಿ. ಹೊರಡುವಾಗ ಅವರ ಅಕ್ಕಿ, ಜೇನು, ಅಡುಗೆಯ ಹುಳಿಯಾದ ಕಾಚಂಪುಳಿ ಕೊಂಡುಕೊಳ್ಳಿ.

ಆಟದ ಹುಚ್ಚಿದ್ದರೆ ಬೇಸಿಗೆಯಲ್ಲಿ ಇನ್ನೊಮ್ಮೆ ಬನ್ನಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದಿದ್ದವು. ಒಂದೇ ತಂಡದಲ್ಲಿ ಅಪ್ಪ ಮಗಳು ಜೊತೆಯಾಗಿ ಆಡುವುದನ್ನು ಬೇರೆಲ್ಲಿ ನೋಡುತ್ತೀರಿ? ಮಳೆಗಾಲದಲ್ಲಿ ಬರಪೊಳೆ ನದಿಯಲ್ಲಿ ರಾಫ್ಟಿಂಗ್ ಇದೆ, ಆದರೆ ಮಳೆ ಜೋರಾಗಿರುವ ವಾರ ಯಾವ ಕಾರಣಕ್ಕೂ ಬರಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆ ಕೊಚ್ಚಿಹೋದದ್ದನ್ನು ನಾವು ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ರಸ್ತೆ ಆಂಬುಲೆನ್ಸಿಗೆ ತೆರವಾಗಿರಬೇಕು.

ಹುತ್ತರಿಯ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ. ಬೆಟ್ಟಕ್ಕೆ ಹಬ್ಬದ ಹಿಂದಿನ ದಿನದ ಅನುಮತಿ ತೆಗೆದುಕೊಳ್ಳಿ, ಮಾರನೆಯ ದಿನ ಕಾಲು ನೋವೆಂದು ಮಲಗಿಬಿಟ್ಟರೂ ರಾತ್ರಿ ಗದ್ದೆಗೆ ಬರಲು ತೊಂದರೆಯಿಲ್ಲ. ಸ್ವೆಟರ್, ಟಾರ್ಚ್ ಇರಲಿ. ಹುಲ್ಲಿನ ಹಾದಿಯಲ್ಲಿ ಇಂಬಳ ಇನ್ನೂ ಇರಬಹುದು, ಉದ್ದನೆಯ ಸಾಕ್ಸ್ ಮರೆಯಬೇಡಿ.