ಬೀಡುಕಬ್ಬಿಣದ ಟರ್ನಿಂಗ್: ಮೊದಲ ಕಡಿತದಲ್ಲೇ ಲಾಭ-ನಷ್ಟ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಗಿರಣಿಯ ಬೀಡುಕಬ್ಬಿಣದ ಪುಲ್ಲಿಗಳನ್ನು ಮನೆಯ ಸಣ್ಣ ಲೇತ್‌ನಲ್ಲಿ ಟರ್ನಿಂಗ್ ಮಾಡಿಕೊಡುವವರು ಮಜೂರಿಯನ್ನು ಕೇವಲ ಗಂಟೆಯ ಲೆಕ್ಕದಲ್ಲಿ ನಿಗದಿಪಡಿಸುವುದು ಸರಿಯಲ್ಲ.

ಎರಕದ ಹೊರಪದರವು ಗಡುಸಾಗಿದ್ದು, ಅದರಲ್ಲಿ ಮರಳಿನ ಕಣಗಳೂ ಉಳಿದಿರುತ್ತವೆ. ತೆಳುವಾಗಿ ಕೆರೆದರೆ ಟೂಲಿನ ಮೊನೆ ಬೇಗ ಸವೆಯುತ್ತದೆ. ಆದ್ದರಿಂದ ಕಡಿಮೆ ವೇಗದಲ್ಲಿ, ಮೊದಲ ಕಡಿತವನ್ನೇ ಆ ಪದರದ ಕೆಳಗಿಳಿಯುವಂತೆ ಕೊಡುವುದು ಲೇಸು. ಲೋಹದೊಳಗಿನ ಗ್ರಾಫೈಟ್ ಜಾರುಗುಣ ನೀಡುವುದರಿಂದ ಸಾಮಾನ್ಯವಾಗಿ ಕೂಲೆಂಟ್ ಬೇಕಾಗದು. ಆದರೆ ಉದುರುವ ಪುಡಿ ಲೇತ್‌ನ ಬೆಡ್ಡನ್ನು ಸವೆಸುತ್ತದೆ. ಕೆಲಸ ಮುಗಿದೊಡನೆ ಒರೆಸತಕ್ಕದ್ದು.

ನಾಲ್ಕು ಮೊನೆಗಳ ಕಾರ್ಬೈಡ್ ಟಿಪ್‌ನ ಬೆಲೆ 240 ರೂ. ಎಂದಿಟ್ಟುಕೊಳ್ಳೋಣ. ಒಂದು ಮೊನೆ 3 ಪುಲ್ಲಿಗಳಿಗೆ ಬಾಳಿದರೆ ಪ್ರತಿಯೊಂದಕ್ಕೆ 20 ರೂ. ವೆಚ್ಚ; ಒಂದಕ್ಕೇ ಸವೆದರೆ 60 ರೂ. ಈ 40 ರೂ. ಮಾಲೀಕರ ಲಾಭದಿಂದಲೇ ಹೋಗುತ್ತದೆ. ಆದುದರಿಂದ ಟಿಪ್‌ನ ವೆಚ್ಚವನ್ನು ಪ್ರತಿ ಕೆಲಸದ ಲೆಕ್ಕದಲ್ಲಿ ಪ್ರತ್ಯೇಕವಾಗಿ ಬರೆದಿಡತಕ್ಕದ್ದು.