ಕಪಾಟಿನ ಕ್ಯಾಸೆಟ್‌ಗಳು ಮಾತು ಮರೆಯುವ ಮುನ್ನ

ಮಕ್ಕಳೇ, ಈ ಸಂಚಿಕೆಯಲ್ಲಿ ನಿಮಗೊಂದು ಪಾಠ ಇದೆ. ಇದನ್ನು ಅಪ್ಪ-ಅಮ್ಮನ ಜೊತೆ ಕೂತು ಓದಿ, ಏಕೆಂದರೆ ಅರ್ಧ ಕೆಲಸ ನಿಮ್ಮದು, ಅರ್ಧ ಅವರದು.

ಮೊದಲು ಮನೆಯಲ್ಲಿ ಒಂದು ಪ್ರಶ್ನೆ ಕೇಳಿ: "ನಮ್ಮನೇಲಿ ಹಳೇ ಕ್ಯಾಸೆಟ್ ಇದೆಯಾ?" ಇಲ್ಲಿ ಬ್ರಿಕ್‌ಫೀಲ್ಡ್ಸ್‌ನ ಫ್ಲ್ಯಾಟಿನ ಸ್ಟೋರ್ ರೂಮಿನಲ್ಲಿ ಇರಬಹುದು, ಊರಿನಲ್ಲಿ ಅಜ್ಜಿಯ ಬೀರುವಿನಲ್ಲಿ ಇರಬಹುದು. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಇರಬಹುದು. ಫೋನ್ ಕರೆ ದುಬಾರಿಯಾಗಿದ್ದ ಕಾಲದಲ್ಲಿ ಎಷ್ಟೋ ಮನೆಯವರು ಆಡಿಯೊ ಕ್ಯಾಸೆಟ್‌ನಲ್ಲಿ ಮಾತು ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಾಗದದ ಬದಲು ಕಳಿಸುತ್ತಿದ್ದರು. ಅಂಥದ್ದೂ ಇರಬಹುದು. ಅದರಲ್ಲಿ ನೀವು ನೋಡೇ ಇಲ್ಲದ ಮುತ್ತಜ್ಜನ ದನಿ ಇರಬಹುದು. ಪುಸ್ತಕದಲ್ಲಿ ಸಿಗದ, ನಿಮ್ಮ ಊರಿನದೇ ಆದ ಕನ್ನಡ ಇರಬಹುದು.

ಆ ಕ್ಯಾಸೆಟ್ ಇನ್ನೂ ಎಷ್ಟು ದಿನ ಮಾತಾಡುತ್ತದೆ? ಇದೇ ನಮ್ಮ ಪಾಠ.

ಟೇಪಿನೊಳಗೆ ಏನಿದೆ?

ಆಡಿಯೊ ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ತಂದಿತು. ಮನೆಮನೆಯ ವಿಡಿಯೊ ಕ್ಯಾಸೆಟ್ ಆದ ವಿಎಚ್‌ಎಸ್ಸನ್ನು ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ತಂದಿತು. ಎರಡರೊಳಗೂ ಇರುವುದು ಒಂದೇ ಬಗೆಯ ಕಂದು ಪಟ್ಟಿ. ಆ ಪಟ್ಟಿಯಲ್ಲಿ ಮೂರು ಸಂಗತಿ ಇವೆ. ಕೆಳಗೆ ಪಾಲಿಯೆಸ್ಟರ್ ಹಾಳೆ. ಅದರ ಮೇಲೆ ಅಂಟು. ಅಂಟಿನೊಳಗೆ ಕಬ್ಬಿಣದ ತುಕ್ಕಿನ ಬಂಧುವಾದ ಐರನ್ ಆಕ್ಸೈಡಿನ ಪುಡಿ. ಪುಡಿಯ ಪ್ರತಿ ಕಣವೂ ಪುಟಾಣಿ ಅಯಸ್ಕಾಂತ. ಅಜ್ಜಿ ಮಾತಾಡಿದಾಗ ಆ ದನಿ ಮೈಕಿನಲ್ಲಿ ವಿದ್ಯುತ್ತಾಗಿ, ರೆಕಾರ್ಡರಿನ ಹೆಡ್‌ನಲ್ಲಿ ಕಾಂತಶಕ್ತಿಯಾಗಿ, ಈ ಕಣಗಳನ್ನು ಒಂದೊಂದು ರೀತಿಯಲ್ಲಿ ಸಾಲು ನಿಲ್ಲಿಸುತ್ತದೆ. ಪ್ಲೇ ಮಾಡಿದಾಗ ಅದೇ ಸಾಲು ಮತ್ತೆ ವಿದ್ಯುತ್ತಾಗಿ, ದನಿಯಾಗುತ್ತದೆ.

ಒಂದು ಲೆಕ್ಕ ಮಾಡೋಣ. ಆಡಿಯೊ ಕ್ಯಾಸೆಟ್‌ನಲ್ಲಿ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ 30 ನಿಮಿಷ, ಅಂದರೆ 1,800 ಸೆಕೆಂಡು. ಗುಣಿಸಿದರೆ ಸುಮಾರು 86 ಮೀಟರ್. ಅಂಗೈಯಗಲದ ಡಬ್ಬಿಯಲ್ಲಿ 86 ಮೀಟರ್ ಮಾತು!

ಟೇಪಿನ ಶತ್ರುಗಳು

ಮೊದಲ ಶತ್ರು ತೇವ. ಕೌಲಾಲಂಪುರದ ಗಾಳಿಯಲ್ಲಿ ವರ್ಷವಿಡೀ ಸುಮಾರು 80 ಶೇಕಡಾ ಆರ್ದ್ರತೆ ಇರುತ್ತದೆ. ಮಂಗಳೂರು, ಕಾಸರಗೋಡು ಕಡೆಯವರಿಗೆ ಮಳೆಗಾಲದ ಬೀರು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ತೇವದಿಂದ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಕೆಲವು ಟೇಪುಗಳಲ್ಲಿ ಅಂಟೇ ನೀರು ಹೀರಿ ಜಿಗುಟಾಗುತ್ತದೆ, ಪ್ಲೇ ಮಾಡಿದರೆ ಪುಡಿ ಕಿತ್ತುಬರುತ್ತದೆ. ಪುಡಿ ಹೋದರೆ ದನಿಯೂ ಹೋಯಿತು.

ಎರಡನೆಯದು ಬಿಸಿ. ಮೂರನೆಯದು ಅಯಸ್ಕಾಂತ, ಅದರಲ್ಲೂ ದೊಡ್ಡ ಸ್ಪೀಕರಿನ ಹಿಂಭಾಗ. ನಾಲ್ಕನೆಯ ಶತ್ರು ನಮ್ಮ ಮನೆಯವರೇ: ಹಳೆಯದರ ಮೇಲೆ ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡುವವರು!

ಐದನೆಯದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಟೇಪ್ ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ ಇಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಇರುವುದು ಹಳೆಯ ಯಂತ್ರಗಳು ಮಾತ್ರ, ರಿಪೇರಿ ಮಾಡುವವರೂ ಕಡಿಮೆಯಾಗುತ್ತಿದ್ದಾರೆ. ಅದಕ್ಕೇ 2019ರಲ್ಲಿ ಯುನೆಸ್ಕೊ ಮತ್ತು ದನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ, ಟೇಪುಗಳನ್ನು ಬೇಗ ಡಿಜಿಟಲ್ ಮಾಡಿಕೊಳ್ಳಿ ಎಂದು ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟವು.

ದೊಡ್ಡವರೂ ಕಳೆದುಕೊಂಡಿದ್ದಾರೆ

1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಚಂದ್ರನಿಂದ ಬಂದ ಚಿತ್ರವನ್ನು ನೇರವಾಗಿ ಹಿಡಿದಿಟ್ಟ ಮೂಲ ಟೇಪುಗಳು ನಾಸಾದ ಹತ್ತಿರವೇ ಇದ್ದವು. ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಮತ್ತೆ ಬಳಸಿಬಿಟ್ಟಿರಬೇಕು ಎಂದು 2009ರಲ್ಲಿ ನಾಸಾವೇ ಹೇಳಿತು. ಟಿವಿಯಲ್ಲಿ ಪ್ರಸಾರವಾದ ಪ್ರತಿಗಳು ಬೇರೆ ಕಡೆ ಉಳಿದಿದ್ದರಿಂದ ಇವತ್ತು ನಾವು ಆ ದೃಶ್ಯ ನೋಡುತ್ತಿದ್ದೇವೆ.

ನಮ್ಮದೇ ಉದಾಹರಣೆ ಬೇಕೇ? ಕನ್ನಡದಲ್ಲಿ ಮೊದಲು ತೆರೆಕಂಡ ಮಾತಿನ ಚಿತ್ರ 1934ರ 'ಸತಿ ಸುಲೋಚನ'. ವೈ.ವಿ. ರಾವ್ ನಿರ್ದೇಶಿಸಿದರು, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ನಟಿಸಿದರು. ಇವತ್ತು ನೋಡೋಣ ಅಂದರೆ ಅದರ ಪ್ರತಿ ಸಿಗುವುದಿಲ್ಲ. ಕನ್ನಡ ಚಿತ್ರರಂಗ ಮೊದಲ ಬಾರಿ ಆಡಿದ ಮಾತು ಹೇಗಿತ್ತು ಅಂತ ನಾವು ಓದಿ ತಿಳಿಯಬಹುದು, ಕೇಳಲಾರೆವು.

ಡಿಜಿಟಲ್ ಮಾಡುವುದು ಅಂದರೆ ಏನು?

ದನಿ ಒಂದು ಅಲೆ. ಕಂಪ್ಯೂಟರಿಗೆ ಅಲೆ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಹಾಗಾಗಿ ಅದು ಸೆಕೆಂಡಿಗೆ 48,000 ಸಲ ಅಲೆಯ ಎತ್ತರ ಅಳೆದು ಬರೆದುಕೊಳ್ಳುತ್ತದೆ. ಜ್ವರ ಬಂದಾಗ ಅಮ್ಮ ಗಂಟೆಗೊಮ್ಮೆ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುವ ಹಾಗೆ, ಆದರೆ ತುಂಬಾ ವೇಗವಾಗಿ. ಇಷ್ಟು ಸಲ ಯಾಕೆ? ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆ. ಅದನ್ನು ಸರಿಯಾಗಿ ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು.

ಒಂದು ಅಳತೆ ಬರೆಯಲು 3 ಬೈಟ್ ಜಾಗ ತೆಗೆದುಕೊಳ್ಳೋಣ. ಎಡ-ಬಲ ಎರಡು ಚಾನೆಲ್. ಒಂದು ಗಂಟೆಗೆ 48,000 × 3 × 2 × 3,600 ಎಷ್ಟಾಯಿತು? ನೀವೇ ಮಾಡಿ. ಸುಮಾರು 1 ಜಿಬಿ ಬರಬೇಕು. ವಿಡಿಯೊಗೆ ಇನ್ನೂ ಜಾಸ್ತಿ: ಮಿನಿ ಡಿವಿ ಟೇಪಿನ ಒಂದು ಗಂಟೆಗೆ ಸುಮಾರು 13 ಜಿಬಿ ಬೇಕು.

ಇಲ್ಲಿ ಒಂದು ಎಚ್ಚರ. ಫೈಲ್ ಚಿಕ್ಕದು ಮಾಡಲು ಎರಡು ದಾರಿ ಇದೆ. ಒಂದು, ಸೀರೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿದ ಹಾಗೆ. ಬಿಚ್ಚಿದರೆ ಇಡೀ ಸೀರೆ ಮತ್ತೆ ಸಿಗುತ್ತದೆ. ದನಿಗೆ ಫ್ಲಾಕ್ ಅಂಥದ್ದು. ಇನ್ನೊಂದು, ಸೀರೆಯ ಒಳತುದಿ ಕತ್ತರಿಸಿ ಚಿಕ್ಕದು ಮಾಡಿದ ಹಾಗೆ. ಉಟ್ಟಾಗ ಗೊತ್ತಾಗದೆ ಇರಬಹುದು, ಆದರೆ ಕತ್ತರಿಸಿದ ತುಂಡು ವಾಪಸ್ ಬರುವುದಿಲ್ಲ. ಎಂಪಿ3 ಅಂಥದ್ದು. ಇಡೀ ಸೀರೆಯನ್ನು ಮೂಲ ಪ್ರತಿಯಾಗಿ ಇಟ್ಟುಕೊಳ್ಳಿ, ವಾಟ್ಸಾಪಿನಲ್ಲಿ ಅತ್ತೆ-ಮಾವನಿಗೆ ಕಳಿಸಲು ಚಿಕ್ಕ ಪ್ರತಿ ಬೇರೆ ಮಾಡಿ.

ಕೆಲಸ ಶುರು ಮಾಡೋಣ

1. ಪಟ್ಟಿ ಮಾಡಿ. ಎಲ್ಲ ಟೇಪುಗಳಿಗೂ ನಂಬರ್ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಡಬ್ಬಿಯ ಮೇಲೆ ಏನು ಬರೆದಿದೆಯೋ ಅದನ್ನು ಹಾಗೆಯೇ ನಕಲು ಮಾಡಿ, ಫೋಟೊ ತೆಗೆಯಿರಿ. ಇದು ಮಕ್ಕಳ ಕೆಲಸ.

2. ಅಳಿಸದ ಹಾಗೆ ಮಾಡಿ. ಕ್ಯಾಸೆಟ್ಟಿನ ಅಂಚಿನಲ್ಲಿ ಚಿಕ್ಕ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಯಾರೂ ರೆಕಾರ್ಡ್ ಮಾಡಲಾಗದು. ಆಡಿಯೊ ಕ್ಯಾಸೆಟ್ಟಿಗೆ ಒಂದೊಂದು ಬದಿಗೆ ಒಂದೊಂದರಂತೆ ಎರಡಿರುತ್ತವೆ.

3. ಬೆಳಕಿಗೆ ಹಿಡಿದು ನೋಡಿ. ಕಿಟಕಿಯಿಂದ ಬಿಳಿ ಪುಡಿ ಅಥವಾ ಹತ್ತಿಯಂಥದ್ದು ಕಂಡರೆ ಅದು ಬೂಷ್ಟು. ಪ್ಲೇ ಮಾಡಬೇಡಿ. ಒಂದು ಟೇಪಿನ ಬೂಷ್ಟು ಯಂತ್ರಕ್ಕೆ ಹತ್ತಿ, ಅಲ್ಲಿಂದ ಉಳಿದ ಟೇಪುಗಳಿಗೂ ಹತ್ತುತ್ತದೆ. ಉಸಿರಿಗೂ ಒಳ್ಳೆಯದಲ್ಲ. ಅಂಥದ್ದನ್ನು ಬೇರೆ ಚೀಲದಲ್ಲಿಟ್ಟು, ಶುಚಿ ಮಾಡಲು ಗೊತ್ತಿರುವವರಿಗೆ ಕೊಡಿ.

4. ಕಾಯಿರಿ. ಏಸಿ ರೂಮಿನಿಂದ ಹೊರಗೆ ತಂದ ಟೇಪನ್ನು ತಕ್ಷಣ ಯಂತ್ರಕ್ಕೆ ಹಾಕಬೇಡಿ. ತೆ ಓ ಐಸ್ ಲೋಟದ ಹೊರಗೆ ನೀರಹನಿ ಕೂರುತ್ತದಲ್ಲ, ತಣ್ಣಗಿನ ಟೇಪಿನ ಮೇಲೂ ಹಾಗೇ ಕೂರುತ್ತದೆ. ಕೆಲವು ಗಂಟೆ ಬಿಟ್ಟು ಹಾಕಿ.

5. ಯಂತ್ರವನ್ನು ಮೊದಲು ಪರೀಕ್ಷಿಸಿ. ಹೆಡ್ ಶುಚಿ ಮಾಡಿ, ಯಾರಿಗೂ ಬೇಡದ ಸಿನಿಮಾ ಕ್ಯಾಸೆಟ್ ಹಾಕಿ ನೋಡಿ. ಮನೆಯ ಟೇಪು ಮೊದಲ ಸಲ ಓಡುವಾಗಲೇ ರೆಕಾರ್ಡಿಂಗ್ ಆನ್ ಇರಲಿ. ದುರ್ಬಲ ಟೇಪಿಗೆ ಎರಡನೇ ಸಲ ಓಡುವ ಶಕ್ತಿ ಇಲ್ಲದಿರಬಹುದು.

6. ಜೋಡಿಸಿ. ಆಡಿಯೊಗೆ ಪ್ಲೇಯರಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರ್ ಸಾಕು. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಇದೆ. ವಿಡಿಯೊಗೆ ವಿಸಿಆರಿನ ಹಳದಿ, ಬಿಳಿ, ಕೆಂಪು ವೈರುಗಳನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಹಾಕಬೇಕು. ಹಳದಿ ಚಿತ್ರಕ್ಕೆ, ಬಿಳಿ-ಕೆಂಪು ದನಿಗೆ. ಓಬಿಎಸ್ ಸ್ಟುಡಿಯೊ ಉಚಿತ. ಭಾರತ, ಮಲೇಷ್ಯಾದ ಟೇಪುಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಚಿತ್ರ. ಅಮೆರಿಕದಿಂದ ದೊಡ್ಡಪ್ಪ ಕಳಿಸಿದ್ದರೆ ಅದು ಎನ್‌ಟಿಎಸ್‌ಸಿ ಆಗಿರುತ್ತದೆ, ಸೆಟ್ಟಿಂಗ್ ಬದಲಿಸಿ.

7. ತಾಳ್ಮೆ ಇರಲಿ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಇಲ್ಲಿ ಫಾಸ್ಟ್ ಫಾರ್ವರ್ಡ್ ಇಲ್ಲ.

ಅಂಗಡಿಗೆ ಕೊಡುವುದಾದರೆ ಎರಡು ಮಾತು ಕೇಳಿ: ದೊಡ್ಡ ಮೂಲ ಫೈಲನ್ನೂ ಕೊಡುತ್ತೀರಾ? ಟೇಪನ್ನು ವಾಪಸ್ ಕೊಡುತ್ತೀರಾ? ಡಿಜಿಟಲ್ ಆಯಿತು ಅಂತ ಟೇಪನ್ನು ಎಸೆಯಬೇಡಿ. ರಿವೈಂಡ್ ಮಾಡಿ, ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿ ಇಡಿ.

ಹೆಸರು ಬರೆಯದಿದ್ದರೆ ಅರ್ಧ ನಷ್ಟ

ಗೌಹರ್ ಜಾನ್ ಎಂಬ ದೊಡ್ಡ ಗಾಯಕಿ 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಗೆ ಹಾಡಿದರು. ಭಾರತದ ಮೊಟ್ಟಮೊದಲ ಗ್ರಾಮಫೋನ್ ಮುದ್ರಣಗಳಲ್ಲಿ ಅವೂ ಸೇರಿವೆ. ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ಜೋರಾಗಿ ತಮ್ಮ ಹೆಸರು ಹೇಳುತ್ತಿದ್ದರು. ಯಾಕೆ ಗೊತ್ತೇ? ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ತಿಳಿದು ಸರಿಯಾದ ಚೀಟಿ ಅಂಟಿಸಲಿ ಎಂದು. ಮುಂದೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿಗೆ ಆಸ್ಥಾನ ಗಾಯಕಿಯಾಗಿ ಕರೆಸಿಕೊಂಡರು. 1930ರಲ್ಲಿ ಅವರು ಮೈಸೂರಿನಲ್ಲೇ ತೀರಿಕೊಂಡರು. ಅವರ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಅವರು ಆರಂಭಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಇಂಥ ಹಳೆಯ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸುತ್ತಿದೆ.

ನಮ್ಮ ಅಜ್ಜಿಯಂದಿರು ಹೀಗೆ ಹೆಸರು ಹೇಳಿ ಮಾತು ಮುಗಿಸಿಲ್ಲ. ಮದುವೆ ವಿಡಿಯೊದಲ್ಲಿ ಬಾಳೆಎಲೆ ಹಾಕುತ್ತಿರುವ ಪಂಚೆಯವರು ಯಾರು? ಹಸೆ ಹಾಡುತ್ತಿರುವವರು ಯಾರು? ಯಾವ ಕಂಪ್ಯೂಟರಿಗೂ ಗೊತ್ತಿಲ್ಲ. ಅಜ್ಜಿಗೆ ಗೊತ್ತು, ದೊಡ್ಡಮ್ಮನಿಗೆ ಗೊತ್ತು. ಟೇಪು ಹತ್ತು ವರ್ಷ ಕಾದರೂ ಕಾಯಬಹುದು, ಅಜ್ಜಿಯ ನೆನಪು ಕಾಯುವುದಿಲ್ಲ. ಆದ್ದರಿಂದ ಮಕ್ಕಳೇ, ಇದು ನಿಮ್ಮ ದೊಡ್ಡ ಕೆಲಸ. ವಿಡಿಯೊ ಕಾಲ್‌ನಲ್ಲಿ ಅಜ್ಜಿಗೆ ತೋರಿಸಿ, ನಿಲ್ಲಿಸಿ ನಿಲ್ಲಿಸಿ ಕೇಳಿ: "ಇವರು ಯಾರಜ್ಜಿ? ನಮಗೆ ಏನಾಗಬೇಕು?" ಎಷ್ಟನೇ ನಿಮಿಷದಲ್ಲಿ ಯಾರು ಬರುತ್ತಾರೆ ಅಂತ ಕನ್ನಡದಲ್ಲಿ ಬರೆಯಿರಿ. ಅಜ್ಜಿ ಹೇಳುವುದನ್ನು ಫೋನಿನಲ್ಲಿ ರೆಕಾರ್ಡೂ ಮಾಡಿ.

ಬೀದಿಯನ್ನೂ ಗಮನಿಸಿ. ಕೆಎಲ್ ಸೆಂಟ್ರಲ್ ತೆರೆದದ್ದು 2001ರಲ್ಲಿ. ಅದಕ್ಕೆ ಮೊದಲು ಆ ಜಾಗದಲ್ಲಿ ರೈಲ್ವೆ ಯಾರ್ಡ್ ಇತ್ತು. ಬ್ರಿಕ್‌ಫೀಲ್ಡ್ಸ್ ಲಿಟಲ್ ಇಂಡಿಯಾ ಎಂದು ಉದ್ಘಾಟನೆಯಾದದ್ದು 2010ರಲ್ಲಿ. ಅದಕ್ಕಿಂತ ಹಿಂದಿನ ಟೇಪಿನಲ್ಲಿ ಜಲಾನ್ ತುನ್ ಸಂಬಂಧನ್ ರಸ್ತೆ ಒಂದು ನಿಮಿಷ ಕಂಡರೂ ಅದು ಈ ಊರಿನ ಇತಿಹಾಸ.

ಫೈಲಿನ ಹೆಸರು ವರ್ಷದಿಂದ ಶುರುವಾಗಲಿ: 1993-11-ದೀಪಾವಳಿ-ಅಜ್ಜನಮನೆ-ಟೇಪು07. ಹೀಗಿದ್ದರೆ ಕಂಪ್ಯೂಟರ್ ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ತಿಂಗಳು ಗೊತ್ತಿಲ್ಲದಿದ್ದರೆ 00 ಹಾಕಿ.

ಮೂರು, ಎರಡು, ಒಂದು

ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಉದಾಹರಣೆಗೆ, ಇಲ್ಲಿ ಒಂದು ಹಾರ್ಡ್ ಡಿಸ್ಕ್, ಬೆಂಗಳೂರಿನ ಚಿಕ್ಕಪ್ಪನ ಹತ್ತಿರ ಇನ್ನೊಂದು, ಕ್ಲೌಡ್‌ನಲ್ಲಿ ಮತ್ತೊಂದು. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ.

ಪ್ರತಿ ಸರಿ ಇದೆಯಾ ಅಂತ ತಿಳಿಯುವುದು ಹೇಗೆ? 4, 7, 2 ಅಂಕಿಗಳನ್ನು ಕೂಡಿದರೆ 13. ಮುಂದಿನ ವರ್ಷ ಕೂಡಿದಾಗ 12 ಬಂದರೆ ಎಲ್ಲೋ ಒಂದು ಅಂಕಿ ಕೆಟ್ಟಿದೆ ಅಂತ ಅರ್ಥ. ಕಂಪ್ಯೂಟರ್ ಇದನ್ನೇ ಇನ್ನೂ ಬಿಗಿಯಾಗಿ ಮಾಡುತ್ತದೆ. ಅದಕ್ಕೆ ಚೆಕ್‌ಸಮ್ ಅನ್ನುತ್ತಾರೆ, ಫೈಲಿನ ಹೆಬ್ಬೆಟ್ಟು ಗುರುತು ಇದ್ದ ಹಾಗೆ. ವರ್ಷಕ್ಕೊಮ್ಮೆ ನೋಡಲು ಒಳ್ಳೆಯ ದಿನ ಆಯುಧಪೂಜೆ. ಹಾರ್ಡ್ ಡಿಸ್ಕಿಗೆ ಕುಂಕುಮ ಇಡುವ ಮುಂಚೆ ಅದನ್ನು ತೆರೆದು ಪರೀಕ್ಷಿಸಿ.

ಒಂದು ಮರ್ಯಾದೆಯ ಮಾತು: ವಿಡಿಯೊದಲ್ಲಿ ಇರುವವರನ್ನು ಕೇಳದೆ ಇಂಟರ್ನೆಟ್ಟಿಗೆ ಹಾಕಬೇಡಿ. ಮನೆಯ ನಗು ಮನೆಯವರಿಗೆ ಹಂಚಿದರೆ ಸಾಕು.

ಮನೆಗೆಲಸ

1. ಮನೆಯಲ್ಲಿ ಎಷ್ಟು ಟೇಪು ಇವೆ ಎಣಿಸಿ. ಊರಿನ ಮನೆಯದನ್ನೂ ಫೋನ್ ಮಾಡಿ ಕೇಳಿ.
2. 90 ನಿಮಿಷದ ಆಡಿಯೊ ಕ್ಯಾಸೆಟ್ಟಿನಲ್ಲಿ ಎಷ್ಟು ಮೀಟರ್ ಟೇಪು ಇರುತ್ತದೆ?
3. ಒಂದು ಟೇಪಿನಲ್ಲಿ ಕಾಣುವ ಅಥವಾ ಕೇಳುವ ಐವರ ಹೆಸರು, ಅವರು ನಿಮಗೆ ಏನಾಗಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ತರಗತಿಗೆ ತನ್ನಿ.
4. ಆ ಟೇಪಿನಲ್ಲಿ ಕೇಳಿದ, ನಿಮಗೆ ಗೊತ್ತಿಲ್ಲದ ಮೂರು ಕನ್ನಡ ಪದ ಬರೆದು ಅರ್ಥ ಕೇಳಿ ತಿಳಿಯಿರಿ.

ಮೂರನೆಯದನ್ನು ಮೊದಲು ಮಾಡಿ. ಉಳಿದದ್ದಕ್ಕೆ ಸಮಯ ಇದೆ.