ಸಂಘದ ಕಂಪ್ಯೂಟರ್ ಬದಲಿಸುವ ಮುನ್ನ



ಕಳೆದ ಸಲ ನಂದೂರಿಗೆ ಬಂದಾಗ ಒಬ್ಬ ಸದಸ್ಯೆ ಕೇಳಿದರು: "ಸಂಘದ ಕಂಪ್ಯೂಟರಿಗೆ ಹೊಸಾದು ಹಾಕ್ತಾರಂತ್ರಿ, ನಮ್ಮ ಹಳೀ ಲೆಕ್ಕ ಎಲ್ಲಿ ಹೋಗ್ತದರಿ?" ಸರಿಯಾದ ಪ್ರಶ್ನೆ. ಹಾಲಿನ ಅಳತೆ, ಫ್ಯಾಟು, ಎಸ್‌ಎನ್‌ಎಫ್, ಬ್ಯಾಂಕ್ ಖಾತೆ ಎಲ್ಲವೂ ಇರುವ ಕಣಜಕ್ಕೆ ಡೇಟಾಬೇಸ್ ಎನ್ನುತ್ತಾರೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನಕ್ಕೂ ಈ ಲೆಕ್ಕವೇ ಆಧಾರ. ದಿನಕ್ಕೆ 10 ಲೀಟರ್ ಹಾಕುವವರಿಗೆ ಅದು ತಿಂಗಳಿಗೆ 1,500 ರೂಪಾಯಿ.

ಮೇವು ಬದಲಿಸುವಾಗ ಕಣಿಕಿಯಿಂದ ಹಸಿ ಮೇವಿಗೆ ಒಮ್ಮೆಲೇ ಹೋಗಬೇಡಿ ಎನ್ನುತ್ತೇನಲ್ಲ, ಇಲ್ಲಿಯೂ ಹಾಗೆಯೇ.

ಮೊದಲು ಪೂರ್ತಿ ಲೆಕ್ಕದ ನಕಲು ತೆಗೆಯಬೇಕು. ಅದು ಅದೇ ಕಂಪ್ಯೂಟರಿನಲ್ಲಿ ಇರಬಾರದು. ನಾನು ಕಂಡ ಒಂದು ಸಂಘದಲ್ಲಿ ನಕಲೂ ಅಲ್ಲಿಯೇ ಇತ್ತು; ಡಿಸ್ಕ್ ಕೆಟ್ಟಾಗ ಎರಡೂ ಹೋದವು. ಇನ್ನೊಂದು ಮಾತು: ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡದೆ ನಂಬಬೇಡಿ. ಹೊಸ ಸಾಫ್ಟ್‌ವೇರನ್ನೂ ಮೊದಲು ಆ ನಕಲಿನ ಮೇಲೆಯೇ ಓಡಿಸಿ, ಹತ್ತು ಸದಸ್ಯೆಯರ ಹಿಂದಿನ ಬಟವಾಡೆ ಪೈಸೆ ಸಮೇತ ಹೊಂದುತ್ತದೆಯೇ ನೋಡಲಿ. ಖಾತೆ ಸಂಖ್ಯೆಯ ಮೊದಲಿನ ಸೊನ್ನೆ ಬಿದ್ದುಹೋಗುವುದು ಸಾಮಾನ್ಯ ತಪ್ಪು. ಕಂಪ್ಯೂಟರಿನಲ್ಲಿ ದನದ ಕಿವಿಯೋಲೆ ಸಂಖ್ಯೆಯೂ ಇದ್ದರೆ, 12 ಅಂಕಿ ಪೂರ್ತಿ ಇವೆಯೇ ಎಣಿಸಿ. ಲಸಿಕೆ, ಗರ್ಭಧಾರಣೆ ದಾಖಲೆಗೆ ನಮಗೆ ಅದೇ ಗುರುತು.

ಕೆಲಸಕ್ಕೆ ಬಟವಾಡೆ ಮುಗಿದ ಮರುದಿನ ಒಳ್ಳೆಯದು, ಅದೂ ಬೆಳಗಿನ ಹಾಲು ಮುಗಿದ ಕೂಡಲೇ. ಕರೆಂಟ್ ಹೋದರೆ ಕೆಲಸ ಅರ್ಧಕ್ಕೆ ನಿಲ್ಲದಂತೆ ಯುಪಿಎಸ್ ಇರಲಿ. ಮಧ್ಯಾಹ್ನ ಮೂರಕ್ಕೆ ಸರಿಯಾಗದಿದ್ದರೆ ಹಳೆಯದಕ್ಕೇ ಮರಳುವುದು ಎಂದು ಮೊದಲೇ ನಿರ್ಧರಿಸಿರಬೇಕು. ಇಲ್ಲದಿದ್ದರೆ "ಇನ್ನೊಂದು ಸ್ವಲ್ಪ" ಎನ್ನುತ್ತಾ ಸಂಜೆಯ ಕ್ಯಾನುಗಳು ಬಾಗಿಲಿಗೆ ಬಂದು ನಿಲ್ಲುತ್ತವೆ.

ಮರಳುವುದರಲ್ಲಿಯೂ ಒಂದು ತೊಡಕಿದೆ. ಹೊಸ ಡೇಟಾಬೇಸಿಗೆ ಸೇರಿದ ಹಾಲು ಹಳೆಯ ನಕಲಿನಲ್ಲಿ ಇರುವುದಿಲ್ಲ. ಎರಡು ದಿನ ಬಿಟ್ಟು ಮರಳಿದರೆ ನಾಲ್ಕು ಹೊತ್ತಿನ ಹಾಲು ಮಾಯ! ಆದ್ದರಿಂದ ಮೊದಲ ಹತ್ತು ದಿನ ಕಾರ್ಯದರ್ಶಿಯವರು ಕೈಬರಹದ ರಿಜಿಸ್ಟರನ್ನೂ ಬರೆಯಲಿ. ದುಪ್ಪಟ್ಟು ಕೆಲಸ, ಗೊಣಗುತ್ತಾರೆ, ಗೊಣಗಲಿ.

ನೀವು ಮಾಡಬೇಕಾದದ್ದು ಇಷ್ಟೇ: ಹೊಸದು ಬಂದ ಮೇಲೆ ಎರಡು ಬಟವಾಡೆ ಮುಗಿಯುವವರೆಗೆ ಹಾಲಿನ ಚೀಟಿ ಎಸೆಯಬೇಡಿ. ಚೀಟಿಯ ಅಕ್ಷರ ಬಿಸಿಲಿಗೆ ಮಾಸುತ್ತದೆ, ಡಬ್ಬಿಯಲ್ಲಿಡಿ. ಸದಸ್ಯತ್ವ ಸಂಖ್ಯೆ, ಲೀಟರ್, ಫ್ಯಾಟು, ಮೊತ್ತ ಓದಲು ಬಾರದವರು ಮಕ್ಕಳಿಂದ ಓದಿಸಿ. ವ್ಯತ್ಯಾಸ ಕಂಡರೆ ಅದೇ ದಿನ ಚೀಟಿ ಹಿಡಿದು ಸಂಘಕ್ಕೆ ಹೋಗಿ.